ಎಣಿಕೆ ಮುರಿಯದ ಜಟ್ಟಿ

"ಗುರುಗಳೇ, ಮೂರು ದಿನ ಊರಿಗೆ ಹೋಗಿಬರಬೇಕಾಗಿದೆ. ತಾಲೀಮು ಕೆಡದ ಹಾಗೆ ಅಲ್ಲಿ ಹೇಗಿರಬೇಕು?"

ಕೇಳಿದವನು ಕರಿಬಸವ, ಗರಡಿಗೆ ಸೇರಿ ನಾಲ್ಕು ವರ್ಷವಾಗಿದ್ದ ಶಿಷ್ಯ. ನವರಾತ್ರಿಯ ಕುಸ್ತಿಗೆ ಒಂದು ತಿಂಗಳಷ್ಟೇ ಉಳಿದಿತ್ತು. ಬೆಳಿಗ್ಗೆ ಸಾವಿರ ಬಸ್ಕಿ, ಐನೂರು ದಂಡೆ, ಸಂಜೆ ಅದರಲ್ಲಿ ಅರ್ಧ. ಕುಡಿಯುವ ಹಾಲು ಇಷ್ಟು, ತಿನ್ನುವ ಬಾದಾಮಿ ಇಷ್ಟು. ಹಿತ್ತಿಲಲ್ಲಿ ಜಾಗ ಸಾಲದಿದ್ದರೆ ಏನು ಮಾಡಬೇಕು, ಮನೆಯವರು ಮಾತಿಗೆಳೆದರೆ ಹೇಗೆ ತಪ್ಪಿಸಿಕೊಳ್ಳಬೇಕು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹೇಳುವಾಗ ಎದೆ ತುಸು ಉಬ್ಬಿಯೂ ಇತ್ತು.

ಗುರುಗಳು ಗರಡಿಯ ಮಣ್ಣನ್ನು ಹದ ಮಾಡುತ್ತಿದ್ದರು. ಕೈ ನಿಲ್ಲಿಸದೆ ಕತೆ ಹೇಳಿದರು.

ಒಬ್ಬ ಜಟ್ಟಿಯಿದ್ದ. ತಾಯಿಯ ಮುಖ ಕಾಣದ ಅವನನ್ನು ಅಕ್ಕ ಸೊಂಟದ ಮೇಲೆ ಹೊತ್ತು ಸಾಕಿದಳು. ತನ್ನ ಪಾಲಿನ ಹಾಲನ್ನೂ ಅವನ ಲೋಟಕ್ಕೆ ಸುರಿದು, ನನಗೆ ಹಾಲು ಸೇರುವುದಿಲ್ಲ ಎಂದು ಸುಳ್ಳು ಹೇಳಿದಳು. ಅವನ ಕೈಹಿಡಿದು ಗರಡಿಯ ಬಾಗಿಲವರೆಗೆ ತಂದುಬಿಟ್ಟವಳೂ ಅವಳೇ. ಆಮೇಲೆ ಅವಳಿಗೆ ಮದುವೆಯಾಯಿತು, ಬೇರೆ ಊರು ಸೇರಿದಳು. ಹುಡುಗ ಬೆಳೆದು ಹೆಸರುವಾಸಿ ಜಟ್ಟಿಯಾದ.

ಆ ಗರಡಿಯ ಕಟ್ಟುನಿಟ್ಟು ಸಾಮಾನ್ಯದ್ದಲ್ಲ. ಬಸ್ಕಿಯನ್ನು ಮನಸ್ಸಿನಲ್ಲೇ ಎಣಿಸಬೇಕು. ನಡುವೆ ಬಾಯಿ ತೆರೆದರೆ ಎಣಿಕೆ ಮುರಿಯಿತು, ಮತ್ತೆ ಒಂದರಿಂದ ಶುರು. ಒಡಹುಟ್ಟಿದವರು ಸತ್ತ ಸುದ್ದಿ ಕಿವಿಗೆ ಬಿದ್ದರೆ ಹನ್ನೊಂದು ದಿನ ಸೂತಕ, ಮಣ್ಣು ಮುಟ್ಟುವಂತಿಲ್ಲ. ಸುದ್ದಿ ತಿಳಿಯದವನಿಗೆ ಸೂತಕವಿಲ್ಲ. ಇದೆಲ್ಲ ಅಕ್ಕನಿಗೂ ಬಾಯಿಪಾಠವಾಗಿತ್ತು.

ಬೆಳ್ಳಿ ಗದೆಯ ಕುಸ್ತಿಗೆ ಹನ್ನೆರಡು ದಿನ ಇರುವಾಗ ಅಕ್ಕ ಹೇಳಿಕಳಿಸಿದಳು, ಒಮ್ಮೆ ಬಂದು ಹೋಗು ಎಂದು. ಜಟ್ಟಿ ಹೋದ. ಅಕ್ಕ ಸೊರಗಿದ್ದಳು. ಮನೆಗೆಲಸ ಹೆಚ್ಚಿರಬೇಕು ಅಂದುಕೊಂಡ. ಅಷ್ಟು ಅಂದುಕೊಂಡು ಹಿತ್ತಿಲು ನೋಡಲು ಹೋದ. ನೆಲ ಗಟ್ಟಿಯಾಗಿತ್ತು, ಸಂತೋಷವಾಯಿತು.

ಮರುದಿನ ಬೆಳಿಗ್ಗೆ ಅವನು ಬಸ್ಕಿ ಹೊಡೆಯುತ್ತಿದ್ದಾಗ ಅಕ್ಕ ಬಂದು ಮೆಟ್ಟಿಲ ಮೇಲೆ ಕುಳಿತಳು.

"ಒಂದ್ ಗಳಿಗೆ ನಿಲ್ಲೋ ಅಪ್ಪಯ್ಯ, ನಿಂಗೊಂದು ಮಾತು ಹೇಳ್ಬೇಕು."

ಜಟ್ಟಿ ಬೆರಳೆತ್ತಿ, ತಾಳು ಎಂದು ಸನ್ನೆ ಮಾಡಿದ. ಅವಳು ತಾಳಿದಳು. ಬಸ್ಕಿ ಮುಗಿದು ದಂಡೆ ಶುರುವಾಯಿತು. ದಂಡೆ ಮುಗಿದ ಮೇಲೆ ಮೈಗೆ ಎಣ್ಣೆ ತಿಕ್ಕಿಕೊಂಡ, ಮಿಂದ, ಉಂಡ, ಮಲಗಿದ. ಸಂಜೆ ಎದ್ದವನೇ ಮತ್ತೆ ಹಿತ್ತಿಲಿಗೆ ಇಳಿದ. ಎರಡನೆಯ ದಿನವೂ ಹೀಗೆಯೇ ಆಯಿತು. ಮನೆಗೆ ತಮ್ಮ ಬಂದಿದ್ದಾನೆ ಎಂದು ಅಕ್ಕನಿಗೆ ಗೊತ್ತಾಗುತ್ತಿದ್ದದ್ದು ಅವನ ಉಸಿರಿನ ಸದ್ದಿನಿಂದ ಮಾತ್ರ.

ಮೂರನೆಯ ದಿನ ಅವಳು ಗೋಡೆ ಹಿಡಿದುಕೊಂಡು ಬಂದಳು. ಅದನ್ನು ಜಟ್ಟಿ ಕಂಡ. ಮುಗಿಸಿದ ಮೇಲೆ ಕೇಳೋಣ ಅಂದುಕೊಂಡ. ಅವನು ಏಳುನೂರರಲ್ಲಿದ್ದ. ಅಕ್ಕ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ನೋಡಿ, ಏನೂ ಹೇಳದೆ ಒಳಗೆ ಹೋದಳು. ಅವನು ಮುಗಿಸುವ ಹೊತ್ತಿಗೆ ಊರಿಗೆ ಹೊರಟ ಗಾಡಿ ಬಾಗಿಲಿಗೆ ಬಂದಿತ್ತು. ಅಕ್ಕನ ಕಾಲಿಗೆ ಬಿದ್ದು, ಗದೆ ತಂದು ನಿನ್ನ ಮುಂದೆ ಇಡುತ್ತೇನೆ ಎಂದು ಹೇಳಿ ಗಾಡಿ ಹತ್ತಿದ. ಕೇಳಬೇಕೆಂದಿದ್ದದ್ದು ಮರೆತೇಹೋಯಿತು.

ಕುಸ್ತಿಯಲ್ಲಿ ಅವನೇ ಗೆದ್ದ. ಗೆದ್ದ ಎರಡನೆಯ ದಿನ ಗದೆ ಹೊತ್ತು ಅಕ್ಕನ ಮನೆಗೆ ಬಂದ. ಅಂಗಳದಲ್ಲಿ ಚಪ್ಪರ ಹಾಕಿತ್ತು, ಸಾಲಾಗಿ ಬಾಳೆಯೆಲೆ ಹಾಸಿತ್ತು, ನೆಂಟರೆಲ್ಲ ಊಟಕ್ಕೆ ಕುಳಿತಿದ್ದರು. ಗೆದ್ದ ಸುದ್ದಿ ಆಗಲೇ ಮುಟ್ಟಿ, ಅಕ್ಕ ಊರಿಗೆಲ್ಲ ಊಟ ಹಾಕಿಸುತ್ತಿದ್ದಾಳೆ ಎಂದು ಜಟ್ಟಿ ಹಿಗ್ಗಿದ. ಗದೆಯನ್ನು ಮೇಲೆತ್ತಿ, "ಅಕ್ಕಾ" ಎಂದು ಕೂಗಿದ. ಯಾರೂ ತಲೆಯೆತ್ತಲಿಲ್ಲ.

ಬೋಳು ತಲೆಯ ಭಾವ ಎದ್ದು ಬಂದ.

"ಇವತ್ತು ಅವಳ ಹನ್ನೊಂದನೇ ದಿನ ಕಣಪ್ಪ. ನೀನು ಹೋದ ಮಾರನೇ ದಿನಾನೇ ಹೋಗ್ಬಿಟ್ಳು. ಕುಸ್ತಿ ಮುಗಿಯೋವರ್ಗೂ ಅವನಿಗೆ ಸುದ್ದಿ ಮುಟ್ಟಿಸ್ಬೇಡಿ, ಸೂತಕ ತಗುಲಿದ್ರೆ ವರ್ಷದ ಕಷ್ಟವೆಲ್ಲ ಮಣ್ಣುಪಾಲಾಗ್ತದೆ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಳು."

"ನಾನು ಇಲ್ಲೇ ಇದ್ನಲ್ಲ ಭಾವ. ಆಗ್ಲಾದ್ರೂ ಹೇಳ್ಬಾರ್ದಿತ್ತಾ?"

"ಕಾಯಿಲೆ ವಿಷಯ ಹೇಳೋಕೇ ನಿನ್ನ ಕರೆಸಿದ್ದು. ಮೂರು ದಿನಾನೂ ಹಿತ್ತಿಲಿಗೆ ಬಂದ್ಳು. ಮಾತಾಡಿಸಿದ್ರೆ ಪಾಪ ಮತ್ತೆ ಒಂದರಿಂದ ಹೊಡೀಬೇಕಾಗ್ತದೆ ಅಂತ ಸುಮ್ನಾಗ್ಬಿಟ್ಳು."

ಜಟ್ಟಿ ಗದೆಯನ್ನು ನೆಲಕ್ಕಿಟ್ಟ. ಹತ್ತು ಜನರನ್ನು ಎತ್ತಿ ಒಗೆದ ತೋಳು ಅವನದು. ತನ್ನನ್ನು ಹೊತ್ತು ಸಾಕಿದವಳ ಚಟ್ಟಕ್ಕೆ ಅವನು ಹೆಗಲು ಕೊಡಲಿಲ್ಲ, ಊರವರು ಹೊತ್ತು ಮುಗಿಸಿದ್ದರು. ಅವನು ಎಳೆಮಗುವಿನ ಹಾಗೆ ಅತ್ತ.

ಕತೆ ಅಲ್ಲಿಗೆ ನಿಂತಿತು. ಕರಿಬಸವ ಕೇಳಿದ:

"ಹಾಗಾದರೆ ಆ ಮೂರು ದಿನ ತಾಲೀಮು ಬಿಡಬೇಕೇ ಗುರುಗಳೇ?"

ಗುರುಗಳು ಮೊದಲ ಸಲ ಕೈ ನಿಲ್ಲಿಸಿ ಅವನ ಮುಖ ನೋಡಿದರು.

"ಬಸ್ಕಿ ಎಷ್ಟು, ಬಾದಾಮಿ ಎಷ್ಟು, ಎಲ್ಲ ಹೇಳಿದೆ, ಊರಿಗೆ ಹೋಗುವುದು ಯಾರನ್ನು ನೋಡುವುದಕ್ಕೆ ಎಂದು ಇನ್ನೂ ಹೇಳಲಿಲ್ಲವಲ್ಲ ಮಗು."