ಒಣಮೀನಿನ ಪೊಟ್ಟಣ

"ಗುರುಗಳೇ, ನಾನು ಹುಟ್ಟಿ ಬೆಳೆದ ನಾಡು ಇಲ್ಲಿಂದ ತಿಂಗಳ ದಾರಿ. ಆದರೂ ಅಲ್ಲಿಯ ಎಷ್ಟೋ ನಡವಳಿಕೆಗಳನ್ನು ಇಲ್ಲಿಯೂ ಕಾಣುತ್ತೇನೆ. ಒಬ್ಬರನ್ನೊಬ್ಬರು ಕಂಡರಿಯದ ಜನ ಒಂದೇ ರೀತಿ ಬದುಕುವುದು ಸೋಜಿಗವಲ್ಲವೇ? ಇದರಿಂದ ತಿಳಿಯಬೇಕಾದದ್ದು ಏನಾದರೂ ಇದೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಒಮ್ಮೆ ಊರಿಗೆ ಹೋಗಿ ನೋಡಿಕೊಂಡು ಬರಬಾರದೇ ಎಂದರು ಗುರುಗಳು. ಅಲ್ಲಿ ತನಗೆ ಯಾರೂ ಇಲ್ಲ, ಮಠಕ್ಕೆ ಹೊರಟ ದಿನ ತಂದೆ ಮತ್ತೆ ಮುಖ ತೋರಿಸಬೇಡ ಎಂದು ಬಾಗಿಲು ಹಾಕಿಕೊಂಡರು, ಹತ್ತು ವರ್ಷವಾಯಿತು ಎಂದ ಶಿಷ್ಯ. ಗುರುಗಳು ಈ ಕತೆ ಹೇಳಿದರು.

ಕಡಲ ದಂಡೆಯ ಒಬ್ಬ ಹುಡುಗಿಯನ್ನು ಹದಿನೈದು ದಿನದ ದಾರಿಯಾಚೆಯ ಕುರಿಗಾರನಿಗೆ ಕೊಟ್ಟು ಮದುವೆ ಮಾಡಿದರು. ಮದುವೆ ಗೊತ್ತಾದ ದಿನದಿಂದಲೇ ಅವಳ ತಾಯಿ ಬೇರೆ ಹೆಂಗಸಾಗಿಬಿಟ್ಟಳು. ಮಗಳ ತಲೆ ಬಾಚಲಿಲ್ಲ. ಕೂತರೆ ತಪ್ಪು, ನಿಂತರೆ ತಪ್ಪು. ಊಟಕ್ಕೆ ತಳ ಹಿಡಿದ ಗಂಜಿ. ಹೊರಡುವ ದಿನ ಎಲ್ಲರೆದುರಿಗೇ ಪೀಡೆ ತೊಲಗಿತು ಎಂದಳು. ಹುಡುಗಿ ಒಂದು ಹನಿ ಕಣ್ಣೀರು ಹಾಕದೆ, ಹಿಂತಿರುಗಿ ನೋಡದೆ ನಡೆದಳು.

ಗಂಡ ಒಳ್ಳೆಯವನು, ಬದುಕು ಹತ್ತಿತು. ಹೊಸ ನಾಡಿನಲ್ಲಿ ಅವಳಿಗೆ ದಿನಕ್ಕೊಂದು ಬೆರಗು. ಅವಳ ಊರಿನಲ್ಲಿ ಬಲೆಗೆ ಬಿದ್ದ ಮೊದಲ ಮೀನನ್ನು ಕಡಲಿಗೇ ಬಿಡುತ್ತಿದ್ದರು. ಇಲ್ಲಿ ಕತ್ತರಿಸಿದ ಮೊದಲ ಹಿಡಿ ಉಣ್ಣೆಯನ್ನು ಬೇಲಿಗೆ ಸಿಕ್ಕಿಸಿ ಬಂದುಬಿಡುತ್ತಿದ್ದರು. ಅಲ್ಲಿ ದೋಣಿ ಹತ್ತುವವನನ್ನು ಎಲ್ಲಿಗೆ ಎಂದು ಕೇಳಬಾರದು. ಇಲ್ಲಿ ಮಂದೆ ಹೊಡೆದುಕೊಂಡು ಹೊರಟವನನ್ನೂ ಕೇಳಬಾರದು. ಕಡಲನ್ನೇ ಕಾಣದ ಇವರಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರೋ ಎಂದು ಅವಳು ಒಬ್ಬಳೇ ನಗುತ್ತಿದ್ದಳು. ಹಂಚಿಕೊಳ್ಳೋಣವೆಂದರೆ ಎರಡೂ ಕಡೆ ಬಲ್ಲವನು ಉಪ್ಪಿನ ವ್ಯಾಪಾರಿ ಒಬ್ಬನೇ.

ಅವನು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ವರ್ಷಕ್ಕೊಮ್ಮೆ ಬರುತ್ತಿದ್ದ. ಬರುವಾಗಲೆಲ್ಲ ತಾಯಿ ಕೊಟ್ಟ ಒಣಮೀನಿನ ಪೊಟ್ಟಣ ತರುತ್ತಿದ್ದ. ಅವಳು ಬಿಚ್ಚಿಯೂ ನೋಡದೆ, ನೀನೇ ತಿನ್ನಣ್ಣ ಎಂದು ಅವನ ಕೈಗೇ ತಿರುಗಿ ಕೊಡುತ್ತಿದ್ದಳು. ತಾಯಿ ಹೇಗಿದ್ದಾಳೆ ಎಂದು ಒಮ್ಮೆಯೂ ಕೇಳಲಿಲ್ಲ. ಹೀಗೆ ಹನ್ನೆರಡು ವರ್ಷ ಕಳೆಯಿತು.

ಹದಿಮೂರನೆಯ ವರ್ಷ ನೆರೆಮನೆಯ ಹುಡುಗಿಗೆ ದೂರದ ಗಂಡು ಗೊತ್ತಾಯಿತು. ಮರುದಿನದಿಂದಲೇ ನೆರೆಯವಳು ಮಗಳ ಮೇಲೆ ಹರಿಹಾಯತೊಡಗಿದಳು. ಬಾಚದ ತಲೆ, ಸೀದ ರೊಟ್ಟಿ, ಹೊತ್ತುಹೊತ್ತಿಗೆ ಬೈಗುಳ. ಇವಳಿಗೆ ತಡೆಯಲಾಗಲಿಲ್ಲ. ಹೆತ್ತ ಮಗಳ ಮೇಲೆ ಇಷ್ಟು ಕಲ್ಲು ಮನಸ್ಸೇ ಎಂದು ಜಗಳಕ್ಕೇ ಹೋದಳು. ಹೋಗಿ ನೋಡಿದರೆ ನೆರೆಯವಳು ಹಿತ್ತಲಲ್ಲಿ, ಉಣ್ಣೆಯ ರಾಶಿಯಲ್ಲಿ ಮುಖ ಹುದುಗಿಸಿಕೊಂಡು ಅಳುತ್ತಿದ್ದಳು.

"ಮೆಲ್ಲಗೆ ಮಾತಾಡು ತಂಗಿ, ಅವಳಿಗೆ ಕೇಳಿಸೀತು," ಎಂದಳು. "ಮುದ್ದು ಮಾಡಿ ಕಳಿಸಿದರೆ ಹುಡುಗಿ ಹೋದಲ್ಲಿ ನಿಲ್ಲುವುದಿಲ್ಲ, ತವರಿನ ದಾರಿಯನ್ನೇ ನೋಡುತ್ತಾ ಕೂರುತ್ತಾಳೆ. ಸಿಟ್ಟು ಮಾಡಿಕೊಂಡು ಹೋದರೆ ನೆಲೆ ನಿಲ್ಲುತ್ತಾಳೆ. ಯಾಕೆ, ನಿಮ್ಮ ಕಡೆ ಹೀಗೆ ಮಾಡುವುದಿಲ್ಲವೇ?"

ಅವಳು ಬಂದ ದಾರಿಯಲ್ಲೇ ಮನೆಗೆ ತಿರುಗಿದಳು.

ಅಂದೇ ನೂಲಲು ಕೂತಳು. ಆ ನೂಲಿನಿಂದ ಗಂಡನ ಕೈಯಲ್ಲಿ ತಾಯಿಗೊಂದು ಕಂಬಳಿ ನೇಯಿಸಿದಳು. ವ್ಯಾಪಾರಿ ಬಂದರೆ ಅವನ ಜೊತೆಯಲ್ಲೇ ಹೋಗಿಬರುತ್ತೇನೆ ಎಂದು ಗಂಡನನ್ನು ಒಪ್ಪಿಸಿದಳು. ಮೂರು ತಿಂಗಳು ದಾರಿ ಕಾದಳು. ಎತ್ತಿನ ಗಂಟೆ ಕೇಳಿಸಿದ ದಿನ ಕಂಬಳಿ ಹಿಡಿದು ಅಂಗಳಕ್ಕೆ ಓಡಿಬಂದು, ಪೊಟ್ಟಣ ಎಲ್ಲಿ ಎಂದು ಕೈ ಚಾಚಿದಳು. ಅವನು ತಲೆ ತಗ್ಗಿಸಿದ.

"ನಿನ್ನ ತಾಯಿ ಮಳೆಗಾಲದಲ್ಲಿ ತೀರಿಕೊಂಡರಮ್ಮ," ಎಂದ. "ಪ್ರತಿ ವರ್ಷ ನನ್ನನ್ನು ಒಂದೇ ಮಾತು ಕೇಳುತ್ತಿದ್ದರು, ಮಗಳ ಸಿಟ್ಟು ಇಳಿಯಿತೇ ಅಂತ. ಇಲ್ಲ ಅನ್ನುತ್ತಿದ್ದೆ. ಹಾಗಾದರೆ ಅಲ್ಲಿ ಚೆನ್ನಾಗಿದ್ದಾಳೆ ಬಿಡು, ಅಂದು ಒಳಗೆ ಹೋಗಿಬಿಡುತ್ತಿದ್ದರು."

ಅವಳು ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ಅಂಗಳದಲ್ಲೇ ಕೂತಳು. ತವರು ಬಿಡುವ ದಿನ ಅಳಬೇಕಾಗಿದ್ದ ಅಳು ಅವಳಿಗೆ ಆಗ ಬಂತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಕತೆ ಮುಗಿಯಿತೇ ಎಂದು ಶಿಷ್ಯ ಕೇಳಿದ.

"ಅವಳದು ಮುಗಿಯಿತು. ನಿನ್ನ ತಂದೆ ಅಂದು ಬಾಗಿಲು ಹಾಕಿಕೊಂಡಾಗ ಒಳಗಿನಿಂದ ಚಿಲಕದ ಸದ್ದು ಕೇಳಿಸಿತ್ತೇ?" ಎಂದರು ಗುರುಗಳು.

ಶಿಷ್ಯ ಎದ್ದು ತನ್ನ ಜೋಳಿಗೆ ಹುಡುಕತೊಡಗಿದ.