ರೆಫರಿಯನ್ನೇ ನೋಡಿದ ತರಬೇತುದಾರ

ಶಿಷ್ಯ ಕೇಳಿದ: “ಗುರುಗಳೇ, ಕಣ್ಣೆದುರೇ ಅನ್ಯಾಯ ನಡೆಯುವಾಗ ಸಿಟ್ಟು ಬಂದರೆ ತಪ್ಪೇ? ನಿನ್ನೆ ಹಾಡಿನ ಸ್ಪರ್ಧೆಯಲ್ಲಿ ತೀರ್ಪುಗಾರ ನಮ್ಮ ಹುಡುಗರಿಗೆ ಮೋಸ ಮಾಡಿದ. ನಾನು ವೇದಿಕೆ ಹತ್ತಿ ಕೂಗಾಡಿದೆ. ಜನ ಅವನನ್ನು ಬಿಟ್ಟು ನನ್ನನ್ನೇ ಬೈದರು.”

ಗುರುಗಳು ಹೇಳಿದರು:

ಒಂದು ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಒಬ್ಬ ತರಬೇತುದಾರನಿದ್ದ. ಆಟ ಬಲ್ಲವನು. ಹುಡುಗಿಯರನ್ನು ಮನೆಯ ಮಕ್ಕಳಂತೆ ಕಂಡವನು. ಕಾಲೇಜಿಗೆ ಮೈದಾನವಿರಲಿಲ್ಲ, ಗೋದಾಮಿನ ಅಂಗಳದಲ್ಲಿ ಕಂಬ ನೆಟ್ಟು ಆಟ ಕಲಿಸಿದ್ದ. ಆ ತಂಡ ಮೊದಲ ಸಲ ಫೈನಲ್‌ಗೆ ಬಂತು. ಗೆದ್ದು ಬಂದರೆ ಮೈದಾನ ಮಾಡಿಸಿಕೊಡುತ್ತೇವೆ ಎಂದು ಕಾಲೇಜಿನವರು ಮಾತು ಕೊಟ್ಟಿದ್ದರು.

ಬರಬೇಕಿದ್ದ ರೆಫರಿಗೆ ಜ್ವರ ಬಂತು. ಬದಲಿಗೆ ಬಂದವನು ಖೋಖೋ ಆಡಿಸುತ್ತಿದ್ದವನು. ಸೀಟಿಯನ್ನು ಜೋರಾಗಿಯೇ ಊದುತ್ತಿದ್ದ. ಯಾವಾಗ ಊದಬೇಕೆಂಬುದು ಮಾತ್ರ ತಿಳಿದಿರಲಿಲ್ಲ. ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದವಳಿಗೆ ಫೌಲ್ ಕೊಟ್ಟ. ತಳ್ಳಿದವಳನ್ನು ಬಿಟ್ಟು ಬಿದ್ದವಳನ್ನು ಗದರಿಸಿದ. ಚೆಂಡು ಗೆರೆ ದಾಟಿ ಪ್ರೇಕ್ಷಕರೊಬ್ಬರ ಮಡಿಲಿಗೆ ಬಿದ್ದರೂ ‘ಆಡಿ, ಆಡಿ’ ಎಂದ.

ತರಬೇತುದಾರನ ಪಿತ್ತ ನೆತ್ತಿಗೇರಿತು. ಸೀಟಿ ಊದಿದಾಗಲೆಲ್ಲ ಎದ್ದು ಕೂಗಿದ. ಕೊನೆಗೆ ಕೈಯಲ್ಲಿದ್ದ ಟವೆಲ್ ಬೀಸಿ ಎಸೆದ. ಅದು ಅಂಕಣದ ನಡುವೆ ಬಿತ್ತು. ರೆಫರಿ ಅದಕ್ಕೂ ಸೀಟಿ ಊದಿ, ಅದನ್ನು ಕಾಲಿನಿಂದ ಗೆರೆಯಾಚೆ ತಳ್ಳಿ, ಎದುರಾಳಿಗೆ ಫ್ರೀ ಥ್ರೋ ಕೊಟ್ಟ. ಅಂದು ಅವನು ನಿಯಮದಂತೆ ಕೊಟ್ಟ ತೀರ್ಪು ಅದೊಂದೇ.

ಎದುರು ತಂಡಕ್ಕೆ ತರಬೇತಿ ಕೊಟ್ಟವಳು ಒಬ್ಬ ಹೆಂಗಸು. ಅವಳ ಪಾಲಿಗೂ ತಪ್ಪು ತೀರ್ಪುಗಳು ಕಡಿಮೆ ಬಂದಿರಲಿಲ್ಲ. ಸಿಟ್ಟು ಬಂದಾಗಲೆಲ್ಲ ಅವಳು ಒಂದು ಗುಟುಕು ನೀರು ಕುಡಿಯುತ್ತಿದ್ದಳು. ಅರ್ಧ ಆಟ ಮುಗಿಯುವುದರೊಳಗೆ ಬಾಟಲಿ ಖಾಲಿಯಾಗಿತ್ತು. ಆದರೆ ಕಣ್ಣು ಮಾತ್ರ ತನ್ನ ಹುಡುಗಿಯರ ಮೇಲಿತ್ತು.

ಆಟ ಮುಗಿಯಲು ಸ್ವಲ್ಪ ಹೊತ್ತಿತ್ತು. ಎರಡು ತಂಡಗಳೂ ಸಮವಾಗಿದ್ದವು. ಇವನ ತಂಡದ ಭಾಗೀರಥಿಗೆ ಕಾಲು ಹಿಡಿದುಕೊಂಡಿತು. ಕುಂಟುತ್ತ ಬಂದು ಬೆಂಚಿನ ಮೇಲೆ ಕುಳಿತಳು. ಬದಲಿ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ನಾನು ಹೋಗಲಾ?”

ಅವನು ಆಗ ಹಿಂದಿನ ಫೌಲ್ ವಿಚಾರವಾಗಿ ರೆಫರಿಯೊಡನೆ ವಾದಕ್ಕಿಳಿದಿದ್ದ. “ಕೂತ್ಕೋ, ಮೊದಲು ಇವನಿಗೊಂದು ಗತಿ ಕಾಣಿಸ್ತೀನಿ” ಎಂದ. ಅವಳು ಕುಳಿತಳು.

ಆಟ ಮತ್ತೆ ಶುರುವಾಯಿತು. ಇವನು ರೆಫರಿಯನ್ನು ದುರುಗುಟ್ಟಿ ನೋಡುತ್ತಿದ್ದ. ಇನ್ನೇನು ಎಸೆಯುತ್ತಾನೋ ಎಂದು ರೆಫರಿ ಇವನನ್ನೇ ನೋಡುತ್ತಿದ್ದ. ಆಟವನ್ನು ಇಬ್ಬರೂ ನೋಡಲಿಲ್ಲ.

ಎದುರು ತಂಡಕ್ಕೆ ತರಬೇತಿ ಕೊಟ್ಟವಳಿಗೆ ತಡೆಯಲಾಗಲಿಲ್ಲ. “ಸರ್, ನಿಮ್ಮ ಹುಡುಗಿಯರ ಕಡೆ ಸ್ವಲ್ಪ ನೋಡಿ” ಎಂದಳು.

“ನೀವು ಸುಮ್ಮನಿರಿ ಮೇಡಂ, ನಿಮಗೇನು, ಅವನ ಸೀಟಿ ಸಂಗೀತದ ಹಾಗೆ ಕೇಳಿಸುತ್ತೆ” ಎಂದ. ಅವಳು ತನ್ನ ಹುಡುಗಿಯರ ಕಡೆ ತಿರುಗಿದಳು.

ಕೊನೆಯ ಗಳಿಗೆಯಲ್ಲಿ ಚೆಂಡು ಬಲಮೂಲೆಗೆ ಹೋಯಿತು. ಅಲ್ಲಿ ತಡೆಯುವವರು ಯಾರೂ ಇರಲಿಲ್ಲ. ಎದುರಾಳಿ ಹುಡುಗಿ ಗುರಿ ನೋಡಿ, ಉಸಿರು ತೆಗೆದುಕೊಂಡು, ನಿಧಾನವಾಗಿ ಬುಟ್ಟಿಗೆ ಹಾಕಿದಳು. ಆ ಒಂದು ಬುಟ್ಟಿಯಿಂದ ಪಂದ್ಯ ಹೋಯಿತು, ಮೈದಾನವೂ ಹೋಯಿತು.

ತರಬೇತುದಾರ ರೆಫರಿಯ ತೋಳು ಹಿಡಿದು ಹುಡುಗಿಯರ ಮುಂದೆ ತಂದು ನಿಲ್ಲಿಸಿದ. “ನೋಡ್ರಮ್ಮಾ, ನಿಮ್ಮನ್ನು ಸೋಲಿಸಿದ್ದು ಈ ಮನುಷ್ಯ!”

ಭಾಗೀರಥಿ ಕಾಲು ನೀವಿಕೊಳ್ಳುತ್ತ ಮೆಲ್ಲಗೆ ಹೇಳಿದಳು: “ಸರ್, ನಾನು ಹೊರಗೆ ಬಂದಮೇಲೆ ಐವರ ಬದಲು ನಾಲ್ವರೇ ಆಡಿದ್ದು.”

ತರಬೇತುದಾರ ಕೊನೆಯವರೆಗೆ ಆಡಿದವರನ್ನು ಎಣಿಸಿದ. ರೆಫರಿಯೂ ಬೆರಳು ಮಡಚಿ ಎಣಿಸಿದ. ಇಬ್ಬರಿಗೂ ನಾಲ್ಕೇ ಬಂತು. ಅಂದು ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ತರಬೇತುದಾರ ಹಿಡಿದಿದ್ದ ತೋಳನ್ನು ಬಿಟ್ಟ. ಹುಡುಗಿಯರ ಮುಖ ನೋಡಲಾರದೆ ಗೆರೆಯ ಬದಿಗೆ ಹೋಗಿ, ಬಿದ್ದಿದ್ದ ಟವೆಲನ್ನು ಎತ್ತಿಕೊಂಡ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಗುರುಗಳೇ, ರೆಫರಿಯದೇನೂ ತಪ್ಪಿಲ್ಲವೇ?” ಎಂದ.

ಗುರುಗಳು ಹೇಳಿದರು: “ಬೇಕಾದಷ್ಟಿದೆ, ಆದರೆ ಆ ಹುಡುಗಿ ‘ನಾನು ಹೋಗಲಾ’ ಎಂದು ಕೇಳಿದ್ದು ರೆಫರಿಯನ್ನಲ್ಲ.”