ನೂಲಿ ಮರಳು ಸೇರಿದ್ದು

ಕಡಲಿಗೆ ಇನ್ನೂ ಉಪ್ಪು ಹಿಡಿದಿರಲಿಲ್ಲ. ದಡ ಎಲ್ಲಿದೆಯೆಂದು ಅಲೆಗಳಿಗೆ ಸರಿಯಾಗಿ ಗೊತ್ತಿರಲಿಲ್ಲ.

ಆ ನೀರಿನಲ್ಲಿ ನೂಲಿ ಇದ್ದಳು. ಬೆರಳುದ್ದದ ಮೈ, ಎರಡೂ ತುದಿ ಚೂಪು. ಆಚೆಗಿನದು ಈಚೆಗೆ ಕಾಣುವಷ್ಟು ತಿಳಿ. ಎಲುಬಿಲ್ಲ, ಕಣ್ಣಿಲ್ಲ, ದವಡೆಯಿಲ್ಲ. ಬೆನ್ನಿನಲ್ಲಿ ಮಾತ್ರ ತುದಿಯಿಂದ ತುದಿಗೆ ನೆಟ್ಟಗಿನ ಒಂದು ಹುರಿ.

ಉಳಿದವರಿಗೆ ಅದೂ ಇರಲಿಲ್ಲ. ಲೋಳೆಯಂತೆ ತೇಲುತ್ತಿದ್ದರು.

ಒಂದು ದಿನ ಕಡಲಜ್ಜ ಬುಟ್ಟಿ ತುಂಬ ಎಲುಬು, ಕಣ್ಣು, ದವಡೆ ತಂದು ಹಂಚಲು ಕೂತ. ಯಾರು, ಎಲ್ಲಿ ವಾಸ, ಮೈಯೊಳಗೆ ಏನಿದೆ ಎಂದು ಏಡಿ ಕರಿಬಂಡೆಯ ಮೇಲೆ ಬರೆಯತೊಡಗಿತು.

"ಬೆನ್ನು ನೆಟ್ಟಗೆ ಬರಬೇಕು. ಅಳತೆಗೆ ಏನು ಹಿಡಿಯಲಿ?" ಅಂದ ಅಜ್ಜ.

"ನೂಲಿ ಇದ್ದಾಳಲ್ಲ," ಅಂದಿತು ಏಡಿ.

"ಬಾ ಮಗಳೇ. ಅಲ್ಲಾಡದೆ ಮಲಗು."

"ನನ್ನ ಮಕ್ಕಳಿಗೂ ಸಿಗುತ್ತದಲ್ಲ, ಅಜ್ಜ?"

"ಕೊನೆಗೆ ನಿಮ್ಮದೇ."

ನೂಲಿ ಮಲಗಿದಳು. ಅವಳ ಅಳತೆ ಹಿಡಿದು ಅಜ್ಜ ಬಂಗುಡೆಯ ಬೆನ್ನು ಮಾಡಿದ. ನೂಲಿ ಅಲ್ಲಾಡಲಿಲ್ಲ. ಆಮೆಯದು ಮಾಡಿದ, ಹಕ್ಕಿಯದು ಮಾಡಿದ. ನೂಲಿ ಅಲ್ಲಾಡಲಿಲ್ಲ. ಹಸುವಿನದು, ಮನುಷ್ಯನದು ಮಾಡಿದ. ಮಕ್ಕಳು ಹಸಿದು ಕರೆದರೂ ನೂಲಿ ಅಲ್ಲಾಡಲಿಲ್ಲ.

ಸಂಜೆಗೆ ಬುಟ್ಟಿ ಬರಿದಾಯಿತು.

"ಅಜ್ಜ, ನಮ್ಮದು?"

ಅಜ್ಜ ಬುಟ್ಟಿ ಮಗುಚಿದ. ಏನೂ ಬೀಳಲಿಲ್ಲ. "ತೆಗೆದುಕೊಳ್ಳುವವರನ್ನು ಎಣಿಸಿ ಬುಟ್ಟಿ ತುಂಬಿದ್ದೆ," ಅಂದ. "ಅಳತೆಯನ್ನು ಎಣಿಸಲಿಲ್ಲ."

ಅಷ್ಟೇ ಅಂದ. ಎದ್ದು ಹೋದ.

ಹೊಸ ದವಡೆಗಳಿಗೆ ಹಸಿವಾಯಿತು. ಕೊಡ್ಡಾಯಿ ಮೀನು ನೂಲಿಯ ಮಕ್ಕಳನ್ನು ನುಂಗತೊಡಗಿತು. "ನಿನ್ನ ಮಕ್ಕಳು ಬಹಳ ಒಳ್ಳೆಯವರು ಅಜ್ಜಿ," ಅಂದಿತು, "ಒಂದು ಮುಳ್ಳೂ ಚುಚ್ಚುವುದಿಲ್ಲ."

ನೂಲಿ ಅತ್ತಳು. ಕಣ್ಣಿಲ್ಲದ ಅಳು ಯಾರಿಗೂ ಕಾಣಲಿಲ್ಲ.

ಹೊಳೆಗೆ ಮಾತ್ರ ಕೇಳಿಸಿತು. "ನಾನು ಕಡಲು ಸೇರುವ ಅಳಿವೆಗೆ ಬಾ ತಾಯಿ. ಎಲುಬು ಕೊಡಲಾರೆ. ಮರಳಿದೆ, ಅಡಗಿಕೊ."

ಉಳಿದ ಮಕ್ಕಳೊಂದಿಗೆ ನೂಲಿ ಹೋದಳು. ಏಡಿ ಹಿಂದೆಯೇ ಬಂತು.

"ಎಲ್ಲಿ ವಾಸ ಅಂತ ಬರೆಯಲಿ, ನೂಲಿ? ಬರೆಯದಿದ್ದರೆ ಮುಂದಿನ ಹಂಚಿಕೆಯಲ್ಲೂ ನೀನಿಲ್ಲ."

"ಬರೆದರೆ ಯಾರು ಓದುತ್ತಾರೆ, ಏಡಿಯಣ್ಣ?"

"ಕಣ್ಣಿದ್ದವರೆಲ್ಲ."

"ಕೊಡ್ಡಾಯಿಯೂ?"

ಬರೆಯಲು ಎತ್ತಿದ ಕಾಲನ್ನು ಏಡಿ ಕೆಳಗಿಳಿಸಿತು.

"ಹಾಗಾದರೆ ಬರೆಯಬೇಡ."

ಏಡಿ ಬಂಡೆಯಲ್ಲಿ ಆ ಜಾಗ ಖಾಲಿ ಬಿಟ್ಟಿತು. ಕಡಲಜ್ಜ ಮತ್ತೆಂದೂ ಹಂಚಲು ಕೂರಲಿಲ್ಲ.

ಅದಕ್ಕೇ ಮಗು, ಓದಿದವರು ಆಂಫಿಯಾಕ್ಸಸ್ ಎನ್ನುವ ನೂಲಿಯ ಕುಲ ಎಲ್ಲೆಲ್ಲಿದೆ, ಮೈಯೊಳಗೆ ಏನೇನಿದೆ ಎಂದು ಬರೆಯಲು ಬಂದವರು ಇಂದಿಗೂ ಅಳಿವೆಯ ಮರಳನ್ನು ಜರಡಿ ಹಿಡಿದು ಸೋಸುತ್ತಾರೆ. ನೀನೂ ಒಂದು ಬೊಗಸೆ ಎತ್ತಿ ನೋಡು, ಗಾಜಿನ ಎಳೆಯಂಥದೊಂದು ಒಮ್ಮೆ ಹೊರಳಿ, ನೀನು ಯಾರೆಂದೂ ಕೇಳದೆ, ನೇರ ಕೆಳಗಿನ ಕತ್ತಲೆಗೆ ಇಳಿದುಬಿಡುತ್ತದೆ.